ಅಂಕೋಲೆಯ ಸುಗ್ಗಿ, ಮ್ಯಾಂಚೆಸ್ಟರಿನ ಪಂಕ್

ಸ್ವತಂತ್ರ ಬ್ಯಾಂಡ್ ಎಂದಕೂಡಲೇ ನಮಗೆ ನೆನಪಾಗುವುದು ದೊಡ್ಡ ಪಟ್ಟಣ: ಗಿಟಾರು, ಡ್ರಮ್ಮು, ಎದೆ ನಡುಗಿಸುವ ಸ್ಪೀಕರು, ಇಕ್ಕಟ್ಟಾದ ಹಾಲ್‌ನಲ್ಲಿ ಕುಣಿಯುವ ಯುವಕರು. ಕಾರವಾರ, ಅಂಕೋಲೆಯಂಥ ಊರಿಗೆ ಇದು ಒಗ್ಗದ ಸಂಗತಿ, ಇಲ್ಲಿಯ ಹುಡುಗ ಹುಡುಗಿಯರಿಗೆ ಬ್ಯಾಂಡ್ ಕಟ್ಟುವ ಹುಮ್ಮಸ್ಸಿದ್ದರೆ ಕಾಳಿ ನದಿ ದಾಟಿ ಗೋವೆಗೋ, ಘಟ್ಟ ಹತ್ತಿ ಬೆಂಗಳೂರಿಗೋ ಹೋಗಲೇಬೇಕು ಎಂದು ಹಿರಿಯರು ಹೇಳುತ್ತಾರೆ, ಕಿರಿಯರು ನಂಬುತ್ತಾರೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ. ಏಕೆಂದರೆ ಪಂಕ್ ರಾಕ್ ಎಂಬ ಸಂಗೀತ 1970ರ ದಶಕದ ಕೊನೆಯಲ್ಲಿ ಬಹಳ ಗದ್ದಲ ಮಾಡಿ ಕಂಡುಕೊಂಡ ಬದುಕುವ ಕ್ರಮವೊಂದಿದೆ. ಹಾಡು ನಮ್ಮದು, ವಾದ್ಯ ನಮ್ಮದು, ತಿರುಗಾಟದ ದಾರಿ ನಮ್ಮದು, ಯಾರನ್ನು ಅಣಕಿಸಬೇಕು ಎಂಬ ತೀರ್ಮಾನವೂ ನಮ್ಮದೇ ಎಂಬ ಕ್ರಮ. ಅಂಕೋಲಾ ತಾಲ್ಲೂಕಿನ ಬೆಳಂಬಾರದಂಥ ಊರುಗಳ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡಗಳು ಇದೇ ಕ್ರಮವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸ್ವತಂತ್ರ ಸಂಗೀತ ಯಾವುದರ ಮೇಲೆ ನಿಂತಿರುತ್ತದೆ, ಯಾವಾಗ ಕುಸಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಹಾಡುವವರ ಕೋಪ, ವೇಷ, ಅಬ್ಬರ ಇವೆಲ್ಲ ಮೇಲಿನ ಬಣ್ಣ. ಅದರಡಿಯಲ್ಲಿ ಒಂದು ನೆಲೆ ಇರಬೇಕು. ನೆಲೆಯಿಲ್ಲದ ಸ್ವಾತಂತ್ರ್ಯ ಒಂದೆರಡು ವರ್ಷದ ಉತ್ಸಾಹವಾಗಿ ಮುಗಿದುಹೋಗುತ್ತದೆ ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಮೊದಲು ಪಂಕ್‌ನ ಕಥೆ. 1976ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ರಾಕ್ ಸಂಗೀತ ದೊಡ್ಡ ಕಂಪನಿಗಳ ಕೈಸೇರಿತ್ತು. ಒಂದು ಗಾನಮುದ್ರಿಕೆ ತರಬೇಕಾದರೆ ಲಂಡನ್ನಿನ ಕಂಪನಿ ಒಪ್ಪಬೇಕು, ದುಬಾರಿ ಸ್ಟುಡಿಯೋ ಬೇಕು, ವರ್ಷಗಟ್ಟಲೆ ಪಳಗಿದ ಕೈ ಬೇಕು ಎಂಬ ಸ್ಥಿತಿ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ ಇದನ್ನು ಒಪ್ಪಲಿಲ್ಲ. ಸ್ನೇಹಿತರಿಂದ, ಮನೆಯವರಿಂದ ಸುಮಾರು 500 ಪೌಂಡ್ ಸಾಲ ತಂದು, 1976ರ ಡಿಸೆಂಬರ್ ಕೊನೆಯಲ್ಲಿ ಒಂದೇ ದಿನದಲ್ಲಿ ನಾಲ್ಕು ಹಾಡು ಮುದ್ರಿಸಿ, ನ್ಯೂ ಹಾರ್ಮೋನ್ಸ್ ಎಂದು ತಮ್ಮದೇ ಹೆಸರಿಟ್ಟುಕೊಂಡು 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಹೊರತಂದಿತು. ಅದರ ಹೊದಿಕೆಯ ಹಿಂಬದಿಯಲ್ಲಿ ಒಂದು ವಿಶೇಷವಿತ್ತು. ಯಾವ ಹಾಡನ್ನು ಎಷ್ಟನೆಯ ಸಲಕ್ಕೆ ಮುದ್ರಿಸಿದೆವು, ಮೇಲೆ ಮತ್ತೇನಾದರೂ ಸೇರಿಸಿದೆವೋ ಇಲ್ಲವೋ ಎಂಬುದನ್ನು ತಂಡದವರು ಅಲ್ಲೇ ಅಚ್ಚು ಹಾಕಿಸಿದ್ದರು. ತಯಾರಿಕೆಯ ಗುಟ್ಟನ್ನು ಬಿಟ್ಟುಕೊಡುವ ಈ ಕೆಲಸದಿಂದ ಕೇಳುಗರಿಗೆ ತಲುಪಿದ ಮಾತು ಸರಳ: ಇದನ್ನು ನೀವೂ ಮಾಡಬಹುದು. ಮೊದಲು ಹಾಕಿಸಿದ ಸಾವಿರ ಪ್ರತಿ ಬೇಗ ಖರ್ಚಾಗಿ ಕೊನೆಗೆ ಸುಮಾರು 16,000 ಪ್ರತಿ ಮಾರಾಟವಾಯಿತು. ಮಾರಾಟಕ್ಕಿಂತ ದೊಡ್ಡ ಪರಿಣಾಮವೆಂದರೆ, ಅದರ ಬೆನ್ನಲ್ಲೇ ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಹುಟ್ಟಿದ ಎಷ್ಟೋ ಸ್ವಂತ ಮುದ್ರಣಗಳು.

ಅದೇ ವರ್ಷ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡದ ಕಥೆ ಬೇರೆ ದಾರಿ ಹಿಡಿಯಿತು. ಪಂಕ್ ಎಂದರೆ ಇಂದಿಗೂ ಜನ ನೆನೆಯುವುದು ಈ ತಂಡವನ್ನೇ. ಆದರೆ ಅದು ಸ್ವತಂತ್ರ ತಂಡವಾಗಿರಲಿಲ್ಲ. 1976ರಲ್ಲಿ ಇಎಂಐ ಕಂಪನಿಯ ಜೊತೆ ಕರಾರು ಆಯಿತು. ಟೀವಿಯಲ್ಲಿ ಆಡಿದ ಬೈಗುಳದ ರಂಪದ ನಂತರ 1977ರ ಜನವರಿಯಲ್ಲಿ ಕಂಪನಿ ಕೈಬಿಟ್ಟಿತು. ಮಾರ್ಚ್‌ನಲ್ಲಿ ಎ ಆ್ಯಂಡ್ ಎಂ ಕಂಪನಿ ಇಂಗ್ಲೆಂಡಿನ ರಾಣಿಯ ಅರಮನೆಯ ಮುಂದೆ ಸಹಿ ಹಾಕಿಸಿ, ವಾರ ಕಳೆಯುವಷ್ಟರಲ್ಲಿ ಅದೂ ಬಿಟ್ಟಿತು. ಮೇ ತಿಂಗಳಲ್ಲಿ ವರ್ಜಿನ್ ಹಿಡಿದುಕೊಂಡಿತು. ರಾಣಿಯ ಆಳ್ವಿಕೆಯ 25ನೇ ವರ್ಷದ ಸಂಭ್ರಮದ ನಡುವೆ ಅವಳನ್ನೇ ಗುರಿಮಾಡಿದ ಹಾಡನ್ನು ಬಿಬಿಸಿ ಪ್ರಸಾರ ಮಾಡಲು ನಿರಾಕರಿಸಿತು. ಆದರೂ ಅದು ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಹಾಡಿನ ಮಾತು ಎಷ್ಟೇ ಖಾರವಾಗಿದ್ದರೂ ತಂಡದ ಮುಂದಿನ ಹೆಜ್ಜೆಯನ್ನು ಪ್ರತಿಸಲವೂ ತೀರ್ಮಾನಿಸಿದ್ದು ಬೇರೆಯವರ ಕಚೇರಿ. ತಂಡ 1978ರ ಜನವರಿಯಲ್ಲಿ ಒಡೆದುಹೋಯಿತು. ಬಂಡಾಯದ ದನಿ ಇದ್ದಮಾತ್ರಕ್ಕೆ ಸ್ವಾತಂತ್ರ್ಯ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಬೇಕಿಲ್ಲ.

ಉಳಿದುಕೊಂಡ ತಂಡಗಳನ್ನು ನೋಡಿದರೆ ಅವುಗಳ ಹಿಂದೆ ಬೇರೊಂದು ಬಗೆಯ ಲೆಕ್ಕಾಚಾರ ಕಾಣುತ್ತದೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ 1980ರಲ್ಲಿ ಕೆಲವು ಹದಿಹರೆಯದ ಹುಡುಗರು ಪ್ರದರ್ಶನಗಳಿಂದ ಬಂದ ಪುಡಿಗಾಸನ್ನು ಹಂಚಿಕೊಳ್ಳದೆ ಒಟ್ಟುಮಾಡಿ, ಅದರಿಂದಲೇ ತಮ್ಮ ಗಾನಮುದ್ರಿಕೆ ತಂದು ಡಿಸ್ಕಾರ್ಡ್ ಎಂಬ ಸಂಸ್ಥೆ ಕಟ್ಟಿದರು. ಅವರಲ್ಲಿ ಒಬ್ಬನಾದ ಇಯಾನ್ ಮೆಕೇ ಮುಂದೆ ಫ್ಯುಗಾಝಿ ಎಂಬ ತಂಡ ಕಟ್ಟಿ 2002ರವರೆಗೆ ದೇಶವಿದೇಶ ತಿರುಗಿದ. ಟಿಕೆಟ್ ಬೆಲೆ ಸಾಧ್ಯವಾದಷ್ಟು ಮಟ್ಟಿಗೆ 5 ಡಾಲರ್ ಆಸುಪಾಸು ಇರಬೇಕು, ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು, ತಂಡದ ಹೆಸರಿನ ಟೀ ಶರ್ಟ್ ಮಾರಬಾರದು ಎಂಬುದು ಅವರ ಪದ್ಧತಿ. ದೊಡ್ಡ ಕಂಪನಿಗಳು ಕರೆದರೂ ಹೋಗಲಿಲ್ಲ. ಅತ್ತ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1986ರ ಕೊನೆಯ ದಿನ ಶುರುವಾದ ಗಿಲ್ಮನ್ ಸ್ಟ್ರೀಟ್ ಎಂಬ ಸಭಾಂಗಣವನ್ನು ಸ್ವಯಂಸೇವಕರೇ ನಡೆಸುತ್ತ ಬಂದರು. ದೊಡ್ಡ ಕಂಪನಿಗೆ ಸಹಿ ಹಾಕಿದ ತಂಡಕ್ಕೆ ಅಲ್ಲಿ ವೇದಿಕೆಯಿಲ್ಲ ಎಂಬ ನಿಯಮವಿತ್ತು. ಅಲ್ಲೇ ಬೆಳೆದ ಗ್ರೀನ್ ಡೇ ಕಂಪನಿ ಸೇರಿ 1994ರಲ್ಲಿ ತಂದ 'ಡೂಕಿ' ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು, ಹುಟ್ಟಿದ ಸಭಾಂಗಣದ ಬಾಗಿಲು ಮಾತ್ರ ಆ ತಂಡಕ್ಕೆ ಮುಚ್ಚಿತು. ಸರಿಯೋ ತಪ್ಪೋ, ಈ ಜನ ಒಂದು ಸಂಗತಿಯನ್ನು ಗಟ್ಟಿಯಾಗಿ ತಿಳಿದಿದ್ದರು. ತಂಡಕ್ಕಿಂತ ತಂಡ ಹುಟ್ಟುವ ಜಾಗ ದೊಡ್ಡದು, ಆ ಜಾಗಕ್ಕೆ ಕಟ್ಟುಪಾಡು ಬೇಕು.

ಈಗ ಅಂಕೋಲೆಗೆ ಬರೋಣ. ಪಶ್ಚಿಮ ಘಟ್ಟದ ಬುಡಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ, ಕಾರವಾರದಿಂದ ಹೊನ್ನಾವರದ ಆಚೆಗೂ ಹರಡಿರುವ ಹಾಲಕ್ಕಿ ಒಕ್ಕಲಿಗರು ಭತ್ತ ಬೆಳೆಯುವ ಜನ. ಕೊಪ್ಪಗಳಲ್ಲಿ ವಾಸ, ಊರಿಗೊಬ್ಬ ಗೌಡ, ಅವನ ಜೊತೆಗೆ ಬುದವಂತ, ಕೋಲಕಾರ. ಕುಯಿಲು ಮುಗಿದು ಫಾಲ್ಗುಣ ಬಂತೆಂದರೆ ಸುಗ್ಗಿ ಹೊರಡುತ್ತದೆ. ಕುಣಿಯುವವರು ನಿಲುವಂಗಿ ತೊಟ್ಟು, ಬೆಂಡಿನ ಹೂ ಮತ್ತು ಬಣ್ಣದ ಕಾಗದದಿಂದ ಕಟ್ಟಿದ ಎತ್ತರದ ತುರಾಯಿಯನ್ನು ತಲೆಗೇರಿಸಿ, ಕೋಲನ್ನೋ ನವಿಲುಗರಿಯ ಕುಂಚವನ್ನೋ ಹಿಡಿದು ಮನೆಮನೆಯ ಅಂಗಳಕ್ಕೆ ಹೋಗುತ್ತಾರೆ. ಗುಮಟೆ, ಜಾಗಟೆ, ತಾಳ ಜೊತೆಗಿರುತ್ತವೆ. ಹೊರಟವರು ನೇಮ ಹಿಡಿದಿರುತ್ತಾರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಸುಗ್ಗಿ ಮುಗಿಯುವ ತನಕ ಅದನ್ನು ಮುರಿಯುವಂತಿಲ್ಲ. ಮನೆಯವರು ಅಕ್ಕಿ, ತೆಂಗಿನಕಾಯಿ, ಹಣ ಕೊಡುತ್ತಾರೆ. ಬಂದದ್ದು ಯಾರೊಬ್ಬರ ಕಿಸೆಗೂ ಹೋಗದೆ ಸಾಮಾನ್ಯವಾಗಿ ಸುಗ್ಗಿಯ ಖರ್ಚಿಗೆ, ದೇವರ ಕಾರ್ಯಕ್ಕೆ, ಒಟ್ಟಿನ ಊಟಕ್ಕೆ ಸಲ್ಲುತ್ತದೆ. ಯಾವ ಊರಿಗೆ ಮೊದಲು, ಯಾವ ಮನೆಗೆ ಆಮೇಲೆ ಎಂಬುದು ಹಿಂದಿನಿಂದ ಬಂದ ಲೆಕ್ಕ. ಒಂದು ಸಂಗೀತ ತಂಡಕ್ಕೆ ಬೇಕಾದ ಎಲ್ಲವೂ ಇಲ್ಲಿದೆ: ನಿಗದಿತ ಋತು, ಗೊತ್ತಾದ ತಿರುಗಾಟ, ಕಾಯುತ್ತಿರುವ ಕೇಳುಗರು, ಒಟ್ಟು ಚೀಲ, ಶಿಸ್ತು. ಇಷ್ಟನ್ನೂ ನಡೆಸಲು ಹೊರಗಿನ ಒಬ್ಬ ಗುತ್ತಿಗೆದಾರನೂ ಬೇಕಾಗಿಲ್ಲ. ಫ್ಯುಗಾಝಿ ವರ್ಷಗಟ್ಟಲೆ ಪ್ರಯಾಸಪಟ್ಟು ನಡೆಸಿದ ವ್ಯವಸ್ಥೆ ಇದೇ.

ವಾದ್ಯದ ಕಡೆ ಸ್ವಲ್ಪ ನಿಂತು ನೋಡಬೇಕು. ಗುಮಟೆ ಎಂಬುದು ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ಅಗಲದ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಕಿರಿದಾದ ಬಾಯಿ ತೆರೆದೇ ಇರುತ್ತದೆ. ಬಾರಿಸುವವನು ಒಂದು ಕೈಬೆರಳಿನಿಂದ ಚರ್ಮಕ್ಕೆ ಹೊಡೆಯುತ್ತ, ಇನ್ನೊಂದು ಅಂಗೈಯಿಂದ ಕಿರಿಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತಾನೆ. ಒಳಗಿನ ಗಾಳಿ ಸಿಕ್ಕಿಕೊಂಡಂತೆ, ಬಿಟ್ಟುಕೊಟ್ಟಂತೆ ದನಿ ಗಿಡ್ಡವಾಗುತ್ತದೆ, ಉದ್ದವಾಗುತ್ತದೆ. ಕುಂಬಾರನ ಗಡಿಗೆ, ಒಂದು ತುಂಡು ಚರ್ಮ, ಮನೆಯಲ್ಲೇ ಮಾಡಿಕೊಂಡ ಬಿಗಿತ ಇಷ್ಟೇ ಅದರ ಬಂಡವಾಳ. ಹಿಂದೆ ಇದಕ್ಕೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಕೊಲ್ಲುವುದು ಅಪರಾಧ. ಆ ನಿಷೇಧ ನ್ಯಾಯವಾದದ್ದೇ. ಪಕ್ಕದ ಗೋವೆ ಇದೇ ಬಗೆಯ ಘುಮಟವನ್ನು 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ಅಲ್ಲಿ ಈಗ ಆಡಿನ ಚರ್ಮದ ವಾದ್ಯ ನಡೆಯುತ್ತಿದೆ. ನಮ್ಮ ಕಡೆ ಅಂಥ ಮನ್ನಣೆ, ಹೊಸ ಚರ್ಮಕ್ಕೆ ಹದ ಕಂಡುಕೊಳ್ಳಲು ಬೇಕಾದ ನೆರವು ಎರಡೂ ಬೇಕಾಗಿವೆ. ವಾದ್ಯ ಕೈಗೆಟಕುವಂತಿದ್ದರೆ ಮಾತ್ರ ತಂಡ ಸ್ವತಂತ್ರ. ಗಿಟಾರಿನಲ್ಲಿ ಮೂರು ಕಾರ್ಡ್ ಹಿಡಿಯಲು ಬಂದರೆ ಸಾಕು, ತಂಡ ಕಟ್ಟು ಎಂದು ಪಂಕ್ ಹೇಳಿದ್ದರ ತಿರುಳೂ ಇದೇ.

ಸುಗ್ಗಿಯ ಜೊತೆಗೇ ಬರುವ ಹಗರಣ ಪಂಕ್‌ಗೆ ಇನ್ನೂ ಹತ್ತಿರದ ಬಂಧು. ಹೋಳಿಯ ಹೊತ್ತಿಗೆ ವೇಷ ಕಟ್ಟಿ ಬೀದಿಗಿಳಿಯುವ ಜನ ಊರಿನ ದೊಡ್ಡವರನ್ನು, ಅಧಿಕಾರಿಗಳನ್ನು, ರಾಜಕಾರಣಿಗಳನ್ನು, ಆ ವರ್ಷದ ಸುದ್ದಿಯನ್ನು ಅಣಕಿಸುತ್ತಾರೆ. ಅಂಕೋಲೆಯಲ್ಲಿ ಬೆಳಂಬಾರದವರ ಸುಗ್ಗಿ, ಹಗರಣ ನೋಡಲು ಪೇಟೆಯೇ ನೆರೆಯುತ್ತದೆ. ವರ್ಷವಿಡೀ ಯಾರ ಮುಂದೆ ಕೈಕಟ್ಟಿ ನಿಲ್ಲಬೇಕೋ ಅವರನ್ನೇ ಒಂದು ದಿನ ಬೀದಿಯಲ್ಲಿ ಎಳೆದಾಡುವ ಈ ಹಕ್ಕನ್ನು ಯಾವ ಸರಕಾರವೂ ಕೊಟ್ಟದ್ದಲ್ಲ, ಜನ ತಾವೇ ಇಟ್ಟುಕೊಂಡದ್ದು. ಈ ನೆಲದ ಬರವಣಿಗೆಯಲ್ಲೂ ಅದೇ ಗುಣವಿದೆ. ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕದಲ್ಲಿ ಅಧಿಕಾರದ ಢಂಬಾಚಾರವನ್ನು ಬಯಲಿಗೆಳೆದರು. ಅಳತೆಯಲ್ಲಿ ಪುಟ್ಟದು, ಬಾಯಿಪಾಠಕ್ಕೆ ಸುಲಭ, ಪೆಟ್ಟು ನೇರ. ಎರಡು ನಿಮಿಷದಲ್ಲಿ ಮುಗಿಯುವ ಪಂಕ್ ಹಾಡಿಗೂ ಇದೇ ಧರ್ಮ. ದೇಸಾಯಿಯವರು ರೈತರ ಪರ ಚಳವಳಿ ಕಟ್ಟಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಹೊರಹಾಕಿತ್ತು. 1967ರಲ್ಲಿ ಲೋಕಸಭೆಗೆ ಗೆದ್ದದ್ದೂ ಪಕ್ಷೇತರರಾಗಿಯೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸುಗ್ಗಿ ದೈವಭಕ್ತಿಯ ಆಚರಣೆ, ಹಿರಿಯರಿಂದ ಬಂದದ್ದು, ಊರಿನ ಕಟ್ಟಳೆಗೆ ಒಳಪಟ್ಟದ್ದು. ಪಂಕ್ ಎಂದರೆ ಹಿರಿಯರ ಕಟ್ಟಳೆಯನ್ನೇ ಒದ್ದು ಹೊರಬಂದವರ ಸಂಗೀತ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ವ್ಯತ್ಯಾಸವೂ ನಿಜ. ಸುಗ್ಗಿಯಲ್ಲಿ ಕುಣಿಯುವವರು ಗಂಡಸರೇ, ಹೆಣ್ಣುಮಕ್ಕಳ ಹಾಡಿಗೆ ಬೇರೆಯದೇ ಜಾಗ. ಬೇರೆ ಸಮುದಾಯದ ಹುಡುಗ ಇಷ್ಟವೆಂದು ಬಂದು ತುರಾಯಿ ಹೊರುವಂತಿಲ್ಲ. ಪಂಕ್ ತಂಡಕ್ಕೆ ಯಾರೂ ಸೇರಬಹುದು, ನಾಳೆ ಬಿಡಬಹುದು. ಆದರೆ ನಾನು ಹೋಲಿಸುತ್ತಿರುವುದು ಭಾವವನ್ನಲ್ಲ, ನಡೆಸುವ ಕ್ರಮವನ್ನು. ಹಾಗೆ ನೋಡಿದಾಗ ಇನ್ನೊಂದು ಸತ್ಯವೂ ಹೊರಬೀಳುತ್ತದೆ. ಕಟ್ಟಳೆ ಬೇಡವೆಂದು ಹೊರಬಂದ ಪಂಕ್‌ನವರಲ್ಲಿ ಬಾಳಿದವರು ತಮಗೆ ತಾವೇ ಕಠಿಣ ಕಟ್ಟಳೆ ಹಾಕಿಕೊಂಡವರು. 5 ಡಾಲರ್ ಟಿಕೆಟ್ ಒಂದು ನೇಮ, ಕಂಪನಿಗೆ ಹೋದವನಿಗೆ ವೇದಿಕೆಯಿಲ್ಲ ಎಂಬುದು ಒಂದು ಬಹಿಷ್ಕಾರ. ನೇಮವಿಲ್ಲದೆ ಸ್ವತಂತ್ರ ತಂಡವೊಂದು ಹತ್ತು ವರ್ಷ ನಡೆದದ್ದು ಕಡಿಮೆ. ಸುಗ್ಗಿ ತಂಡಕ್ಕೆ ಆ ನೇಮ ಹುಟ್ಟಿನಿಂದಲೇ ಬರುತ್ತದೆ, ಪಂಕ್ ತಂಡ ಅದನ್ನು ಹುಡುಕಿಕೊಳ್ಳಬೇಕು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಒಡೆಯನ ಗದ್ದೆ ಉಳುವ ಗೇಣಿದಾರ ಒಡೆಯನ ಅಂಗಳದಲ್ಲೇ ಕುಣಿದು ಅಕ್ಕಿ ಪಡೆದರೆ ಅದನ್ನು ಸ್ವಾತಂತ್ರ್ಯ ಎನ್ನಬಹುದೇ? ಇದಕ್ಕೆ ಉತ್ತರ ಸಂಗೀತದೊಳಗೆ ಸಿಗುವುದಿಲ್ಲ, ಜಮೀನಿನ ಇತಿಹಾಸದಲ್ಲಿ ಸಿಗುತ್ತದೆ. ಹಾಲಕ್ಕಿಗಳಲ್ಲಿ ಬಹುಪಾಲು ಜನ ಬಹುಕಾಲ ಬೇರೆಯವರ ಭೂಮಿಯಲ್ಲಿ ಗೇಣಿಗೆ ದುಡಿದವರು. ದಿನಕರ ದೇಸಾಯಿಯವರು ಕಟ್ಟಿದ ರೈತ ಚಳವಳಿ, ಆಮೇಲೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಉಳುವವನಿಗೆ ನೆಲದ ಹಕ್ಕು ತಂದವು. ತುಂಡುನೆಲವೇ ಆಗಲಿ, ಸ್ವಂತದ್ದಾದ ಮೇಲೆ ಕುಣಿತದ ಅರ್ಥವೇ ಬದಲಾಗುತ್ತದೆ. ಬೇರೆಯವರ ಮುಲಾಜಿನಲ್ಲಿ ಬದುಕುವವನು ಹಾಡುವ ಹಾಡೂ ಮುಲಾಜಿನದೇ ಆಗಬಹುದು. ಹೊಟ್ಟೆಗೆ ಬೇರೆ ದಾರಿಯಿದ್ದಾಗ ಹಾಡು ತನ್ನ ಮಾತನ್ನು ತಾನೇ ಆಡುತ್ತದೆ. ಇಂಗ್ಲೆಂಡಿನಲ್ಲಿ ಪಂಕ್ ಹುಟ್ಟಿದಾಗ ಎಷ್ಟೋ ವಾದ್ಯಗಾರರು ನಿರುದ್ಯೋಗ ಭತ್ಯೆಯಲ್ಲಿ ಬದುಕಿದ್ದರು. ಸರಕಾರ ವಾರವಾರ ಕೊಡುತ್ತಿದ್ದ ಆ ಸಣ್ಣ ಹಣವೇ ಕಂಪನಿಗಳಿಗೆ ಬೆನ್ನು ತಿರುಗಿಸುವ ಧೈರ್ಯಕ್ಕೆ ಊರುಗೋಲಾಗಿತ್ತು. ಗದ್ದೆಯಾಗಲಿ, ಭತ್ಯೆಯಾಗಲಿ, ಬೆಳಗಿನ ನೌಕರಿಯಾಗಲಿ, ಸಂಗೀತದ ಹೊರಗಿನ ಒಂದು ಆಸರೆ ಸ್ವತಂತ್ರ ಸಂಗೀತದ ಅಡಿಪಾಯ. ಇದನ್ನು ಒಪ್ಪಿಕೊಳ್ಳಲು ನಮ್ಮ ಕಲಾವಿದರು ನಾಚಿಕೆಪಡಬೇಕಿಲ್ಲ.

ಹೆಣ್ಣುಮಕ್ಕಳ ಹಾಡಿಗೆ ಬೇರೆಯದೇ ಜಾಗ ಎಂದೆನಲ್ಲ, ಆ ಜಾಗದಿಂದ ಬಂದವರು ಬಡಗೇರಿಯ ಸುಕ್ರಿ ಬೊಮ್ಮಗೌಡರು, ಜನರ ಬಾಯಲ್ಲಿ ಸುಕ್ರಜ್ಜಿ. ಶಾಲೆಯ ಮುಖ ಕಾಣದವರು, ತಾಯಿಯ ಬಾಯಿಂದ ಹಾಡು ಕಲಿತವರು. ಮದುವೆ, ನಾಟಿ, ಹಬ್ಬ, ಶೋಕ ಎಲ್ಲಕ್ಕೂ ಅವರಲ್ಲಿ ಹಾಡುಗಳಿದ್ದವು. ಹಾಡಿಗಾಗಿ ಅವರನ್ನು ಯಾವ ಸಂಸ್ಥೆಯೂ ನೇಮಿಸಿರಲಿಲ್ಲ, ಬರೆದಿಟ್ಟ ಒಂದು ಸಾಲೂ ಇರಲಿಲ್ಲ. ಕುಡಿತದಿಂದ ಗಂಡನನ್ನು ಕಳೆದುಕೊಂಡರು, ಸಾಕಿದ ಮಗನನ್ನೂ ಕಳೆದುಕೊಂಡರು. ಆ ನೋವನ್ನು ಮನೆಯೊಳಗೇ ಇಟ್ಟುಕೊಳ್ಳದೆ ಊರಿನ ಹೆಂಗಸರನ್ನು ಕೂಡಿಸಿ ಸಾರಾಯಿ ವಿರುದ್ಧ ಬೀದಿಗಿಳಿದರು. ರಾಜ್ಯ ಸರಕಾರ ಸಾರಾಯಿ ನಿಷೇಧಿಸಿದ್ದು 2007ರ ಜುಲೈ 1ರಂದು. ಅದಕ್ಕೂ ಬಹಳ ಮೊದಲೇ ಬಡಗೇರಿಯಲ್ಲಿ ಆ ಮಾತು ಎದ್ದಿತ್ತು. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿ 13ರಂದು ತೀರಿಕೊಂಡರು. ಅವರ ಬಾಳನ್ನು ಸ್ವತಂತ್ರ ಕಲಾವಿದೆಯ ವೃತ್ತಿಜೀವನ ಎಂದೇ ಓದಬೇಕು. ಮೊದಲು ಹಾಡು, ಆಮೇಲೆ ಹೋರಾಟ, ಎಲ್ಲಕ್ಕೂ ಕೊನೆಗೆ ಮನ್ನಣೆ ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ. ಪ್ರಶಸ್ತಿ ಬಂದ ಮೇಲೂ ತಮ್ಮ ಹಾಲಕ್ಕಿ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯನ್ನು ಅವರು ಬಿಡಲಿಲ್ಲ. ವೇದಿಕೆ ಕೊಟ್ಟವರ ಮುಂದೆಯೇ ಆ ಮಾತನ್ನು ಎತ್ತುವ ಸ್ವಾತಂತ್ರ್ಯವನ್ನು ಪ್ರಶಸ್ತಿಯಿಂದ ಕಳೆದುಕೊಳ್ಳದವರು ಅವರು.

ಮೂರನೆಯ ಆಕ್ಷೇಪ ಪ್ರತಿ ಮನೆಯಲ್ಲೂ ಕೇಳಿಬರುವಂಥದ್ದು: ಇದೆಲ್ಲ ಸರಿ, ಹೊಟ್ಟೆ ತುಂಬುತ್ತದೆಯೇ? ಸುಗ್ಗಿ ವರ್ಷಕ್ಕೊಮ್ಮೆ, ಪದ್ಮಶ್ರೀ ಕೋಟಿಗೊಬ್ಬರಿಗೆ. ಸ್ವಾತಂತ್ರ್ಯ ಎಂಬುದು ಬಡತನಕ್ಕೆ ಕೊಟ್ಟ ಚಂದದ ಹೆಸರಲ್ಲವೇ? ಈ ಮಾತಿನಲ್ಲಿ ತೂಕವಿದೆ. ಬಜ್‌ಕಾಕ್ಸ್ ತಂಡವೂ 1977ರ ಆಗಸ್ಟ್‌ನಲ್ಲಿ ದೊಡ್ಡ ಕಂಪನಿಗೆ ಸಹಿ ಹಾಕಿತು. ನಮ್ಮ ಕರ್ನಾಟಕದ ತಂಡಗಳನ್ನೇ ನೋಡಿ. ಸ್ವರಾತ್ಮ ತಂಡ ತನ್ನ ಮೊದಲ ಗಾನಸಂಪುಟಗಳಿಗೆ ಇಎಂಐ ಬಳಗದ ಕಂಪನಿಯ ನೆರವು ಪಡೆಯಿತು. ಶಿಶುನಾಳ ಶರೀಫರ ಪದಗಳನ್ನು ಹೊಸ ವಾದ್ಯಮೇಳದಲ್ಲಿ ಹಾಡಿ ಹೆಸರಾದ ರಘು ದೀಕ್ಷಿತ್ ಸಿನಿಮಾ ಸಂಗೀತವನ್ನೂ ಮಾಡಿದರು. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಮುಂದೆ ಟಾಕಾಡೆಮಿ ಎಂಬ ಸಂಗೀತ ಶಾಲೆ ತೆರೆಯಿತು. 1998ರಲ್ಲಿ ಶುರುವಾದ ಬೆಂಗಳೂರಿನದೇ ಹೆವಿ ಮೆಟಲ್ ತಂಡ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿತು. ಇಪ್ಪತ್ತು ವರ್ಷ ದಾಟಿದ ಇಂಥ ತಂಡಗಳಲ್ಲಿ ಹಾಡಿನ ಮಾರಾಟ ಒಂದನ್ನೇ ನಂಬಿ ಉಳಿದದ್ದು ಯಾವುದೂ ಇಲ್ಲ. ಪಾಠ ಹೇಳುವುದು, ಸಿನಿಮಾ, ಜಾಹೀರಾತು, ಹೊರದೇಶದ ಪ್ರದರ್ಶನ, ಹೀಗೆ ಹತ್ತು ಕಡೆಯಿಂದ ಬಂದದ್ದು ಸೇರಿ ಒಂದು ಬದುಕಾಗುತ್ತದೆ. ಇದನ್ನು ಸೋಲೆಂದು ಕರೆಯಬಾರದು. ಹಾಡಿನ ಮೇಲಿನ ಹಕ್ಕು, ಹಾಡುವ ತೀರ್ಮಾನ ತಮ್ಮಲ್ಲೇ ಉಳಿದಿದೆಯೇ ಎಂಬುದಷ್ಟೇ ಪರೀಕ್ಷೆ. ಸಂಪಾದನೆ ಹೆಚ್ಚೋ ಕಡಿಮೆಯೋ ಎಂಬುದು ಆಮೇಲಿನ ಪ್ರಶ್ನೆ.

ಹಕ್ಕಿನ ವಿಷಯ ಬಂದಾಗ ಅಂಕೋಲೆಯ ಹಾಡುಗಾರರು ಪಂಕ್ ತಂಡಗಳಿಗಿಂತ ಬಹಳ ಹಿಂದೆ ಬೀಳುತ್ತಾರೆ, ಇಲ್ಲಿ ಮುಚ್ಚುಮರೆ ಬೇಡ. ಸ್ವಂತ ಹಣದಲ್ಲಿ ಮುದ್ರಿಸಿದ ತಂಡಕ್ಕೆ ಮೂಲ ಧ್ವನಿಮುದ್ರಿಕೆ ಅದರದೇ ಆಸ್ತಿ, ನಲವತ್ತು ವರ್ಷದ ನಂತರವೂ ಮರುಮುದ್ರಣದ ಹಣ ಅವರಿಗೇ ಬರುತ್ತದೆ. ಜನಪದ ಹಾಡಿಗೆ ಕಾನೂನಿನ ಕಣ್ಣಲ್ಲಿ ಕರ್ತೃವಿಲ್ಲ. ಹಾಡನ್ನು ಧ್ವನಿಮುದ್ರಿಸಿಕೊಂಡವರಿಗೆ ಆ ಮುದ್ರಣದ ಹಕ್ಕು, ಪುಸ್ತಕ ಮಾಡಿದವರಿಗೆ ಪುಸ್ತಕದ ಹಕ್ಕು. ಹಾಗಿದ್ದರೆ ಹಾಡಿದವರಿಗೆ ಏನು? ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಸೇರಿಸಿತು, ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಾದಾಗ ಪ್ರದರ್ಶಕರಿಗೂ ಪಾಲು ಸಲ್ಲಬೇಕೆಂದಿತು, ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಅಂದರೆ ಗುಮಟೆ ಬಾರಿಸುವ ರೈತನಿಗೂ, ಮದುವೆ ಹಾಡು ಹೇಳುವ ಅಜ್ಜಿಗೂ ಕಾಯ್ದೆಯ ಬಲವಿದೆ. ಅದನ್ನು ಅವರಿಗೆ ಹೇಳುವವರು, ಕರಾರು ಪತ್ರವನ್ನು ಕನ್ನಡದಲ್ಲಿ ಬರೆದುಕೊಡುವವರು ಬೇಕು. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ಅವರಂಥ ವಿದ್ವಾಂಸರು ಹಳ್ಳಿಹಳ್ಳಿ ತಿರುಗಿ ಈ ಜಿಲ್ಲೆಯ ಹಾಡುಗಳನ್ನು ಸಂಗ್ರಹಿಸಿರದಿದ್ದರೆ ಎಷ್ಟೋ ಹಾಡು ಹಾಡಿದವರ ಜೊತೆಗೇ ಹೋಗುತ್ತಿತ್ತು. ಅವರ ದುಡಿಮೆಗೆ ನಾಡು ಋಣಿ. ಮುಂದಿನ ತಲೆಮಾರಿನ ಕೆಲಸ ಅದಕ್ಕೆ ಹಾಡುಗಾರರ ಹಕ್ಕನ್ನು ಜೋಡಿಸುವುದು.

ಜಾಗದ ಪ್ರಶ್ನೆ ಉಳಿಯಿತು. ಸುಗ್ಗಿಗೆ ಅಂಗಳ ಬೇಕು, ಅಂಗಳದಿಂದ ಅಂಗಳಕ್ಕೆ ದಾರಿ ಬೇಕು. ನೌಕಾಪಡೆಯ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಯ ಕರಾವಳಿಯ ಸಾವಿರಾರು ಕುಟುಂಬಗಳು ಮನೆ ಬಿಟ್ಟವು, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ದೇಶಕ್ಕೆ ನೌಕಾನೆಲೆ ಬೇಕು ಎಂಬುದನ್ನು ಒಪ್ಪಿದರೂ, ಒಂದು ಊರು ಎದ್ದುಹೋದಾಗ ಮನೆ, ಗದ್ದೆಗೆ ಪರಿಹಾರ ಲೆಕ್ಕ ಹಾಕುವವರು ಆ ಊರಿನ ಆಟ, ಹಾಡು, ಮೆರವಣಿಗೆಯ ದಾರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಇನ್ನು ಪೇಟೆಯ ವೇದಿಕೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಮಯೂರವರ್ಮ ವೇದಿಕೆ ಇದೆ, ಅಲ್ಲಿ ಕರಾವಳಿ ಉತ್ಸವ ನಡೆದಾಗ ಜನಸಾಗರ ಸೇರುತ್ತದೆ. ಆದರೆ ಇಂಥ ಉತ್ಸವಗಳಲ್ಲಿ ರಾತ್ರಿಯ ಮುಖ್ಯ ಹೊತ್ತು ಹೊರಗಿನಿಂದ ಕರೆಸಿದ ಸಿನಿಮಾ ಗಾಯಕರ ರಸಮಂಜರಿಗೆ ಮೀಸಲು. ಊರಿನ ತಂಡಗಳಿಗೆ ಸಿಗುವುದು ಸಂಜೆಯ ಬಿಡುವಿನ ಹೊತ್ತು, ಕೆಲವೇ ನಿಮಿಷ. ಅಂಗಳದಲ್ಲಿ ಗಂಟೆಗಟ್ಟಲೆ ಬೆಳೆಯುವ ಕುಣಿತವನ್ನು ಹತ್ತು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ವೇಷ ಮಾತ್ರ. ಅಣಕದ ಹರಿತವೂ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕುಳಿತ ವೇದಿಕೆಯಲ್ಲಿ ಮೊಂಡಾಗುತ್ತದೆ. ಬರ್ಕ್ಲಿಯ ಸ್ವಯಂಸೇವಕರು ತಮ್ಮ ಸಭಾಂಗಣದ ಕಟ್ಟುಪಾಡನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ಇದೇ ಭಯದಿಂದ.

ಈಗೇನು, ಮೊಬೈಲಿದೆ, ಯೂಟ್ಯೂಬಿದೆ, ಎಲ್ಲರೂ ಸ್ವತಂತ್ರರೇ ಆದರಲ್ಲ ಎನ್ನುವವರಿದ್ದಾರೆ. ಹಾಡನ್ನು ಹೊರತರುವ ಖರ್ಚು ಇಳಿದಿರುವುದು ನಿಜ. ಬಜ್‌ಕಾಕ್ಸ್ ಸಾಲ ಮಾಡಿ ಮಾಡಿದ ಕೆಲಸವನ್ನು ಇಂದು ಕಾರವಾರದ ಕಾಲೇಜು ಹುಡುಗಿ ತನ್ನ ಕೋಣೆಯಲ್ಲೇ ಮಾಡಬಹುದು. ಆದರೆ ಯಾರ ಹಾಡು ಯಾರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವುದು ಮತ್ತೆ ದೂರದ ಕಂಪನಿಯೇ. ಅದು ಯಾವಾಗ ಲೆಕ್ಕ ಬದಲಿಸುತ್ತದೆಯೋ ಹಾಡಿದವರಿಗೆ ತಿಳಿಯುವುದಿಲ್ಲ. ಇಂಟರ್ನೆಟ್ ಒಳ್ಳೆಯ ಅಂಚೆಯವನಾಗಬಲ್ಲದು, ಊರಾಗಲಾರದು. ನೂರು ಜನ ಎದುರಿಗೆ ನಿಂತು ಕೇಳಿ, ಹಣ ಕೊಟ್ಟು, ಬರುವ ವರ್ಷವೂ ಬನ್ನಿ ಎಂದು ಕರೆಯುವ ಬಲವನ್ನು ಲಕ್ಷ ವೀಕ್ಷಣೆ ಕೊಡುವುದಿಲ್ಲ.

ಹಾಗಾದರೆ ಕಾರವಾರದಲ್ಲಿ ಗಿಟಾರು ಹಿಡಿದಿರುವ ಯುವಕ ಯುವತಿಯರು ಮಾಡಬೇಕಾದದ್ದೇನು? ಬೆಂಗಳೂರಿಗೆ ಹೋಗಲಿ, ಗೋವೆಗೂ ಹೋಗಲಿ, ಆದರೆ ಮೊದಲು ಊರಿನ ಸುತ್ತ ಒಂದು ತಿರುಗಾಟ ಕಟ್ಟಲಿ. ಸದಾಶಿವಗಡದಿಂದ ಗೋಕರ್ಣದವರೆಗೆ ಶಾಲೆ, ಕಾಲೇಜು, ಸಂಘಗಳ ಹತ್ತು ಅಂಗಳಗಳನ್ನು ಗೊತ್ತುಮಾಡಿಕೊಂಡು ಪ್ರತಿವರ್ಷ ಅದೇ ಋತುವಿನಲ್ಲಿ ಹೋಗಲಿ. ಬಂದ ಹಣವನ್ನು ಮೊದಲ ಕೆಲವು ವರ್ಷ ಹಂಚಿಕೊಳ್ಳದೆ ಒಟ್ಟು ಚೀಲಕ್ಕೆ ಹಾಕಲಿ. ಹಾಡಿನ ಮೇಲಿನ ಹಕ್ಕನ್ನು ಯಾರಿಗೂ ಬರೆದುಕೊಡದಿರಲಿ. ಕನ್ನಡದಲ್ಲಿ, ಕೊಂಕಣಿಯಲ್ಲಿ, ತಮ್ಮೂರಿನ ಸಂಕಟದ ಬಗ್ಗೆ, ತಮ್ಮೂರಿನ ದೊಡ್ಡವರ ಬಗ್ಗೆ ಹಗರಣದವರಷ್ಟೇ ನಿರ್ಭಯವಾಗಿ ಹಾಡಲಿ. ಸುಗ್ಗಿಯ ತಾಳವನ್ನು ಎತ್ತಿ ತಮ್ಮ ಹಾಡಿಗೆ ಹಾಕಿಕೊಳ್ಳುವುದಾದರೆ ಆ ಊರಿನವರನ್ನು ಕೇಳಿ, ಹೆಸರು ಹೇಳಿ, ಪಾಲು ಕೊಟ್ಟು ಮಾಡಲಿ. ಉಳಿದವರ ಪಾಲಿಗೂ ಕೆಲಸವಿದೆ. ಉತ್ಸವ ನಡೆಸುವವರು ಊರಿನ ತಂಡಕ್ಕೆ ಮುಖ್ಯ ಹೊತ್ತನ್ನು, ಪೂರ್ತಿ ಅವಧಿಯನ್ನು, ಬರಹದಲ್ಲಿ ಒಪ್ಪಿದ ಸಂಭಾವನೆಯನ್ನು ಕೊಡಬೇಕು. ಧ್ವನಿಮುದ್ರಿಸುವವರು ಹಾಡಿದವರ ಕೈಗೆ ಒಂದು ಪ್ರತಿ ಕೊಡಬೇಕು, ಅವರ ಹಕ್ಕಿನ ಕಾಗದವನ್ನು ಅವರಿಗೆ ಓದಿ ಹೇಳಬೇಕು. ಕೇಳುಗರಾದ ನಾವು ಹಣ ಕೊಟ್ಟು ಕೇಳುವುದನ್ನು ರೂಢಿಸಿಕೊಳ್ಳಬೇಕು. ಸುಕ್ರಜ್ಜಿಯಂಥವರು ಯಾರ ನೆರವೂ ಇಲ್ಲದೆ ಹಾಡಿಬಿಟ್ಟರು ಎಂದು ಹೊಗಳುವುದು ಸುಲಭ. ಮುಂದಿನವರಿಗೆ ಅಷ್ಟು ಕಷ್ಟವಾಗದಂತೆ ಜಾಗ, ಹಕ್ಕು, ಹೊಟ್ಟೆಪಾಡು ಮೂರನ್ನೂ ಗಟ್ಟಿ ಮಾಡಿಕೊಡುವುದು ಅವರಿಗೆ ನಾವು ಸಲ್ಲಿಸಬೇಕಾದ ಬಾಕಿ.